ಪಟ್ಟಿಯಡಿಯ ಕರಿಪುಡಿ: ಬೋಟಿನ ಡೀಸೆಲ್ ಟ್ಯಾಂಕ್ ಅಲುಗದಂತೆ ಕೂರಿಸುವ ಬಗೆ

ಜೂನ್ 1ಕ್ಕೆ ಮೀನುಗಾರಿಕೆಗೆ ರಜೆ ಬಿದ್ದರೆ ಜುಲೈ 31ರ ತನಕ ನಮ್ಮ ಕರಾವಳಿಯ ಯಾಂತ್ರಿಕ ಬೋಟುಗಳೆಲ್ಲ ದಕ್ಕೆಯಲ್ಲಿ ಒಂದಕ್ಕೊಂದು ಮೈ ತಾಗಿಸಿಕೊಂಡು ನಿಂತಿರುತ್ತವೆ. ಆ ಎರಡು ತಿಂಗಳಲ್ಲಿ ಇಂಜಿನ್ ಬಿಚ್ಚುತ್ತಾರೆ, ಫ್ಯಾನ್, ಅಂದರೆ ಬೋಟನ್ನು ತಳ್ಳುವ ಪ್ರೊಪೆಲ್ಲರ್, ತೆಗೆದು ಸಮ ಮಾಡಿಸುತ್ತಾರೆ, ಹಲಗೆಯ ಸಂದಿಗೆ ಹತ್ತಿ ತುಂಬುತ್ತಾರೆ, ಬಣ್ಣ ಬಳಿಯುತ್ತಾರೆ, ಬಲೆ ರಿಪೇರಿ ಮಾಡುತ್ತಾರೆ. ಡೀಸೆಲ್ ಟ್ಯಾಂಕಿನ ಹತ್ತಿರ ಮಾತ್ರ ಯಾರೂ ಸುಳಿಯುವುದಿಲ್ಲ. ಸೋರಲಿಲ್ಲ ಅಂದರೆ ಸರಿಯಿದೆ ಅಂತಲೇ ಲೆಕ್ಕ.

ಹಾಗೆ ನಿಂತ ಒಂದು ಬೋಟಿನ ಇಂಜಿನ್ ಕೋಣೆಗೆ ನಾನು ಬೇರೇನೋ ಕೆಲಸಕ್ಕೆ ಇಳಿದಿದ್ದೆ. ಆಯ ತಪ್ಪಿ, ಟ್ಯಾಂಕನ್ನು ಹಿಡಿದಿದ್ದ ಕಬ್ಬಿಣದ ಪಟ್ಟಿಯ ಅಂಚಿಗೆ ಕೈ ಊರಿದೆ. ಬೆರಳಿಗೆ ಕಾಡಿಗೆಯಂಥ ಪುಡಿ ಹತ್ತಿತು. ಇಂಜಿನ್ ಮಸಿ ಇರಬೇಕು ಎಂದು ಉಜ್ಜಿ ನೋಡಿದರೆ ಜಿಡ್ಡೇ ಇಲ್ಲ, ಒಣ ಪುಡಿ. ಟ್ಯಾಂಕ್ ಅಲ್ಯುಮಿನಿಯಂನದು. ಪಟ್ಟಿ ಸಡಿಲಿಸಿ ಮೇಲೆತ್ತಿದಾಗ ಅಡಿಯಲ್ಲಿ ಉದ್ದಕ್ಕೂ ಒಂದು ಗೀರು. ಹೆಬ್ಬೆರಳಿನ ಉಗುರು ಸಿಕ್ಕಿಕೊಳ್ಳುವಷ್ಟು ಆಳ. ಟ್ಯಾಂಕ್ ಇನ್ನೂ ಸೋರಿರಲಿಲ್ಲ. ಮಾಲೀಕರಿಗೆ ತೋರಿಸಿದರೆ, "ಪಟ್ಟಿ ಗಟ್ಟಿಯಾಗೇ ಇತ್ತಲ್ಲ, ಅಲುಗಾಡಿದ್ದು ನಾವು ಯಾರೂ ನೋಡಿಲ್ಲ" ಎಂದರು. ಅವರು ಹೇಳಿದ್ದು ನಿಜ. ಈ ಅಲುಗಾಟ ಕಣ್ಣಿಗೆ ಕಾಣುವ ಜಾತಿಯದ್ದಲ್ಲ.

ಅಲ್ಯುಮಿನಿಯಂ ಗಾಳಿ ತಾಗಿದ ತಕ್ಷಣ ಮೈಮೇಲೆ ತೆಳ್ಳಗೆ ಆಕ್ಸೈಡಿನ ಪೊರೆ ಹೊದ್ದುಕೊಳ್ಳುತ್ತದೆ. ಉಪ್ಪುಗಾಳಿಯಿಂದ ಅದನ್ನು ಕಾಯುವುದೇ ಆ ಪೊರೆ. ಪಟ್ಟಿಗೂ ಟ್ಯಾಂಕಿಗೂ ನಡುವೆ ತಲೆಗೂದಲಿನ ದಪ್ಪಕ್ಕಿಂತ ಕಮ್ಮಿ ಜರುಗಾಟ ಇದ್ದರೂ ಪೊರೆ ಉಜ್ಜಿ ಪುಡಿಯಾಗುತ್ತದೆ. ಅಡಿಯ ಹಸಿ ಲೋಹ ಮತ್ತೆ ಪೊರೆ ಕಟ್ಟುತ್ತದೆ, ಅದೂ ಉಜ್ಜಿ ಹೋಗುತ್ತದೆ. ಆಕ್ಸೈಡ್ ಪುಡಿ ಮೂಲ ಲೋಹಕ್ಕಿಂತ ಎಷ್ಟೋ ಗಟ್ಟಿ. ಹೀಗಾಗಿ ಆಮೇಲಿನ ಕೆಲಸವನ್ನು ಅದೇ ಮರಳುಕಾಗದದ ಹಾಗೆ ಮುಂದುವರಿಸುತ್ತದೆ. ಅಲ್ಯುಮಿನಿಯಂ ಆದರೆ ಪುಡಿ ಕಪ್ಪಗೆ, ಕಬ್ಬಿಣವಾದರೆ ಕೋಕೋ ಪುಡಿಯ ಹಾಗೆ ಕೆಂಪುಕಂದು. ಈ ಎರಡು ಬಣ್ಣ ಗೊತ್ತಿದ್ದವನಿಗೆ ಟ್ಯಾಂಕಿನ ಅರ್ಧ ಜಾತಕ ಗೊತ್ತಾದಂತೆಯೇ.

ಟ್ಯಾಂಕಿನ ಮೇಲೆ ಬೀಳುವ ಬಲ ಎರಡು ತರಹದ್ದು. ಒಂದು ಅಲೆಯ ಹೊಡೆತ, ಇನ್ನೊಂದು ಇಂಜಿನ್ನಿನ ನಡುಕ. ಹೊಡೆತದ ಲೆಕ್ಕ ಸುಲಭ. ಒಂದು ಲೀಟರ್ ಡೀಸೆಲ್ ಸುಮಾರು 840 ಗ್ರಾಂ ತೂಗುತ್ತದೆ. 300 ಲೀಟರಿನ ಟ್ಯಾಂಕ್ ಎಂದರೆ ಡೀಸೆಲ್ಲೇ 250 ಕೆ.ಜಿ., ತಗಡು ಸೇರಿ 290 ಎಂದು ಹಿಡಿಯಿರಿ. ಅಳಿವೆ ಬಾಗಿಲಿನಲ್ಲಿ ಅಲೆಯ ನೆತ್ತಿಯಿಂದ ಬೋಟು ಧೊಪ್ಪೆಂದು ಕೆಳಗೆ ಬಿದ್ದಾಗ ಗುರುತ್ವದ ಮೂರು ಪಟ್ಟು ಹೊಡೆತ ಬಿದ್ದರೆ, ಆ ಒಂದು ಕ್ಷಣಕ್ಕೆ ಟ್ಯಾಂಕ್ ತನ್ನ ಹಾಸಿನ ಮೇಲೆ 870 ಕೆ.ಜಿ.ಯಷ್ಟು ಕೂರುತ್ತದೆ. ಮರುಕ್ಷಣ ಬೋಟು ಮೇಲೆದ್ದು ಮತ್ತೆ ಇಳಿಯುವಾಗ ಅದೇ ಟ್ಯಾಂಕ್ ಹಾಸು ಬಿಟ್ಟು ಮೇಲೇಳಲು ನೋಡುತ್ತದೆ. ಬೋಟು ನಡೆಸುವ ತಾಂಡೇಲನಿಗೂ ದುಡಿಯುವ ಕಲಾಸಿಗಳಿಗೂ ಈ ಹೊಡೆತ ಬೆನ್ನುಮೂಳೆಯಲ್ಲೇ ಗೊತ್ತಾಗುತ್ತದೆ. ಅದಕ್ಕೇ ಟ್ಯಾಂಕ್ ಕಟ್ಟುವವರು ಎಲ್ಲರೂ ಹೊಡೆತಕ್ಕೆ ಹೆದರಿ ದಪ್ಪ ಪಟ್ಟಿ, ದಪ್ಪ ಬೋಲ್ಟ್ ಹಾಕುತ್ತಾರೆ.

ನಡುಕದ ಲೆಕ್ಕ ಹಾಕುವವರು ಕಡಿಮೆ. ಆರು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 1800 ಸುತ್ತು ತಿರುಗುತ್ತಿದೆ ಎನ್ನಿ. ಸೆಕೆಂಡಿಗೆ 30 ಸುತ್ತು. ನಾಲ್ಕು ಸ್ಟ್ರೋಕಿನ ಇಂಜಿನ್ ಆದ್ದರಿಂದ ಒಂದು ಸುತ್ತಿಗೆ ಮೂರು ಸಿಲಿಂಡರ್ ಸಿಡಿಯುತ್ತವೆ. ಸೆಕೆಂಡಿಗೆ 90 ಗುದ್ದು. ಹತ್ತು ಗಂಟೆ ಬಲೆ ಎಳೆದರೆ 32 ಲಕ್ಷ ದಾಟುತ್ತದೆ. ಇದರ ಜೊತೆ ಫ್ಯಾನಿನದು ಬೇರೆ. ಮೂರಕ್ಕೊಂದು ಗೇರಿನಲ್ಲಿ ಅದು ಸೆಕೆಂಡಿಗೆ 10 ಸುತ್ತು ತಿರುಗುತ್ತದೆ. ಮೂರು ಎಲೆಯ ಫ್ಯಾನ್ ಆದರೆ ಪ್ರತಿ ಎಲೆಯೂ ಹಿಂಭಾಗದ ತಳವನ್ನು ಹಾದುಹೋಗುವಾಗ ನೀರನ್ನು ಒಮ್ಮೆ ತಳ್ಳಿ, ಸೆಕೆಂಡಿಗೆ 30 ಸಲ ಬೋಟಿನ ತಳ ತಟ್ಟುತ್ತದೆ.

ಒಂದೊಂದು ಗುದ್ದೂ ನಗಣ್ಯ. ಆದರೆ ಲೋಹಕ್ಕೆ ದಣಿವಿದೆ. ತಂತಿಯನ್ನು ಅತ್ತಿತ್ತ ಬಾಗಿಸಿ ಮುರಿಯುತ್ತೇವಲ್ಲ, ಅದೇ ಕತೆ ಇಲ್ಲಿ ಬಹಳ ನಿಧಾನವಾಗಿ ನಡೆಯುತ್ತದೆ. ಕಬ್ಬಿಣಕ್ಕೆ ಒಂದು ಮಿತಿ ಇದೆ. ಅದರ ಕೆಳಗಿನ ಒತ್ತಡವನ್ನು ಅದು ಎಷ್ಟು ಕೋಟಿ ಸಲವಾದರೂ ತಾಳಿಕೊಳ್ಳುತ್ತದೆ. ಅಲ್ಯುಮಿನಿಯಂಗೆ ಅಂಥ ಖಚಿತ ಮಿತಿ ಇಲ್ಲ. ಎಷ್ಟೇ ಸಣ್ಣ ಒತ್ತಡವಾದರೂ ಲೆಕ್ಕದಲ್ಲಿ ಜಮೆಯಾಗುತ್ತಲೇ ಹೋಗುತ್ತದೆ. ಕಬ್ಬಿಣವೂ ಉಪ್ಪುನೀರು ತಾಗಿ ತುಕ್ಕು ಹಿಡಿಯತೊಡಗಿದರೆ ಆ ಭರವಸೆ ಕಳೆದುಕೊಳ್ಳುತ್ತದೆ. ಬಿರುಕು ಹುಟ್ಟುವ ಜಾಗವೂ ಹೆಚ್ಚುಕಡಿಮೆ ಗೊತ್ತಿದ್ದದ್ದೇ: ಬೆಸುಗೆ ಮುಗಿದು ತಗಡು ಶುರುವಾಗುವ ಗೆರೆ, ಪಟ್ಟಿಯ ಅಂಚು, ಪೈಪ್ ಕೂರಿಸಿದ ತೂತಿನ ಸುತ್ತ.

ಇಲ್ಲಿ ಟ್ಯಾಂಕಿನ ಇನ್ನೊಂದು ಚಾಳಿ ಹೇಳಬೇಕು. ಬಚ್ಚಲುಮನೆಯ ತಾಮ್ರದ ಹಂಡೆಯನ್ನು ಖಾಲಿ ಇದ್ದಾಗ ಗೆಣ್ಣಿನಿಂದ ಬಡಿಯಿರಿ, ಅರ್ಧ ನೀರು ತುಂಬಿ ಬಡಿಯಿರಿ. ಸದ್ದು ಇಳಿಯುತ್ತದೆ. ತಗಡಿನ ಜೊತೆ ನೀರಿನ ತೂಕವೂ ಅಲುಗಬೇಕಾಗುವುದರಿಂದ ಅದರ ಸಹಜ ಕಂಪನ ನಿಧಾನವಾಗುತ್ತದೆ. ಡೀಸೆಲ್ ಟ್ಯಾಂಕಿನ ಗೋಡೆಯೂ ಹೀಗೇ, ಒಳಗಿನ ಎಣ್ಣೆಯ ಮಟ್ಟಕ್ಕೆ ತಕ್ಕಂತೆ ಶ್ರುತಿ ಬದಲಿಸುತ್ತ ಹೋಗುತ್ತದೆ. ಇಂಜಿನ್ನಿನ ಅಥವಾ ಫ್ಯಾನಿನ ಗುದ್ದಿಗೂ ಆ ಶ್ರುತಿಗೂ ತಾಳೆಯಾದರೆ ಅನುರಣನ. ಗೋಡೆ ಒಳಗೂ ಹೊರಗೂ ಉಸಿರಾಡಿದಂತೆ ಬಡಿದುಕೊಳ್ಳುತ್ತದೆ. "ಬಂದರು ಬಿಡುವಾಗ ಸುಮ್ಮನಿರುತ್ತದೆ, ಮೂರನೇ ದಿನ ಗುಂಯ್ ಅನ್ನಲು ಶುರುಮಾಡುತ್ತದೆ" ಎಂದು ಡ್ರೈವರ್ ಹೇಳಿದರೆ ಭೂತದ ಕಾಟ ಎಂದು ನಗಬೇಡಿ. ಡೀಸೆಲ್ ಇಳಿದು ಶ್ರುತಿ ಕೂಡಿದೆ, ಅಷ್ಟೆ. ಅಂಥ ಗೋಡೆಗೆ ಹೊರಗಿನಿಂದ ಒಂದು ಏಣು ಬೆಸೆದರೋ, ಒಳಗೊಂದು ಅಡ್ಡಗೋಡೆ ಕೊಟ್ಟರೋ ಬಿಗಿ ಹೆಚ್ಚಿ ಶ್ರುತಿ ಮೇಲೇರುತ್ತದೆ, ಸದ್ದು ನಿಲ್ಲುತ್ತದೆ.

ಈಗ ಎಲ್ಲರ ತಲೆಗೂ ಬರುವ ಯೋಚನೆ: ಇಂಜಿನ್ ಅಡಿಗೆ ರಬ್ಬರ್ ಮೌಂಟ್ ಹಾಕುತ್ತೇವೆ, ಟ್ಯಾಂಕಿನ ಅಡಿಗೂ ದಪ್ಪ ರಬ್ಬರ್ ಹಾಕಿದರೆ ನಡುಕ ತಲುಪುವುದೇ ಇಲ್ಲವಲ್ಲ! ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಲೆಕ್ಕ ಹಾಕಿದ ಮೇಲೆ ಬಿಟ್ಟೆ. ಸೆಕೆಂಡಿಗೆ 30ರ ನಡುಕವನ್ನು ತಡೆಯಬೇಕಾದರೆ ರಬ್ಬರಿನ ಮೇಲೆ ಕೂತ ಟ್ಯಾಂಕಿನ ಸಹಜ ಕಂಪನ ಅದಕ್ಕಿಂತ ಬಹಳ ಕೆಳಗಿರಬೇಕು, 10ರ ಸುಮಾರಿಗೆ ಎನ್ನಿ. ತುಂಬಿದ ಟ್ಯಾಂಕಿಗೆ ಹೊಂದುವ ಅಂಥ ರಬ್ಬರ್ ಬೋಟು ಸುಮ್ಮನೆ ನಿಂತಾಗಲೇ 2.5 ಮಿ.ಮೀ. ಕುಗ್ಗಿರುತ್ತದೆ. ಮೂರು ಪಟ್ಟಿನ ಹೊಡೆತಕ್ಕೆ ಏಳೂವರೆ ಮಿ.ಮೀ. ಕುಗ್ಗುತ್ತದೆ, ಅಂದರೆ ಟ್ಯಾಂಕ್ ಪ್ರತಿ ಅಲೆಗೂ ಮೇಲೆ ಕೆಳಗೆ ಕುಣಿಯುತ್ತದೆ, ಪಟ್ಟಿ ಸಡಿಲಾಗುತ್ತದೆ, ಪೈಪು ಎಳೆಯಲ್ಪಡುತ್ತದೆ. ಇನ್ನೊಂದು ತೊಡಕು ಇದಕ್ಕಿಂತ ಕೆಟ್ಟದ್ದು. ಇಂಜಿನ್ನಿನ ತೂಕ ಯಾವಾಗಲೂ ಒಂದೇ. ಟ್ಯಾಂಕ್ ಮಾತ್ರ 290 ಕೆ.ಜಿ.ಯಿಂದ ಇಳಿಯುತ್ತ ಇಳಿಯುತ್ತ 40ಕ್ಕೆ ಬರುತ್ತದೆ, ಏಳು ಪಟ್ಟು ವ್ಯತ್ಯಾಸ. ತೂಕ ಏಳನೇ ಒಂದಾದರೆ ಸಹಜ ಕಂಪನ ಅದರ ವರ್ಗಮೂಲದಷ್ಟು, ಸುಮಾರು 2.7 ಪಟ್ಟು ಏರುತ್ತದೆ. ಹತ್ತಿದ್ದದ್ದು 27. ಫ್ಯಾನಿನ 30ರ ಪಕ್ಕಕ್ಕೇ ಬಂದು ನಿಂತಿತು! ತುಂಬಿದಾಗ ನಡುಕ ತಡೆಯುತ್ತಿದ್ದ ರಬ್ಬರ್, ಮೀನು ತುಂಬಿಕೊಂಡು ವಾಪಸ್ ಬರುವಾಗ ಅದೇ ನಡುಕವನ್ನು ದೊಡ್ಡದು ಮಾಡಿ ಟ್ಯಾಂಕಿಗೆ ಕೊಡುತ್ತದೆ.

ಹಾಗಾಗಿ ಟ್ಯಾಂಕನ್ನು ತೇಲಿಸುವ ಆಸೆ ಬಿಟ್ಟು ಬೋಟಿನ ಎಲುಬಿಗೇ ಬಿಗಿಯಬೇಕು. ಬೋಟು ನಡುಗಿದರೆ ಟ್ಯಾಂಕೂ ಅದರ ಜೊತೆ ಒಂದೇ ಮೈಯಾಗಿ ನಡುಗಲಿ. ಲೋಹವನ್ನು ತಿನ್ನುವುದು ಎರಡರ ನಡುವಿನ ವ್ಯತ್ಯಾಸದ ಚಲನೆ. ಪಟ್ಟಿಯಡಿ ರಬ್ಬರ್ ಬೇಕು ನಿಜ, ಆದರೆ ಸ್ಪ್ರಿಂಗಿನ ಕೆಲಸಕ್ಕೆ ಬೇಡ. ಲೋಹಕ್ಕೆ ಲೋಹ ತಾಗದಿರಲಿ ಎಂದು 3ರಿಂದ 6 ಮಿ.ಮೀ.ನ ಗಟ್ಟಿ ನಿಯೋಪ್ರೀನ್ ಎಂಬ ಕೃತಕ ರಬ್ಬರ್ ಸಾಕು.

ಅಮೆರಿಕದ ಕೋಸ್ಟ್ ಗಾರ್ಡ್ ನಿಯಮಗಳಲ್ಲಿ ಇದನ್ನು ಒಂದೇ ಸಾಲಿನಲ್ಲಿ ಬರೆದಿದ್ದಾರೆ: ಕೂರಿಸಿದ ಟ್ಯಾಂಕ್ ಕಾಲು ಇಂಚಿಗಿಂತ, ಅಂದರೆ ಆರು ಚಿಲ್ಲರೆ ಮಿ.ಮೀ.ಗಿಂತ ಹೆಚ್ಚು ಸರಿಯಬಾರದು. ಆ ನಿಯಮ ಇರುವುದು ಬೋಟಿನೊಳಗೆ ಪೆಟ್ರೋಲ್ ಇಂಜಿನ್ ಇರುವ ಸಣ್ಣ ಬೋಟುಗಳಿಗೆ, ಆದರೂ ಅದರ ಹಿಂದಿನ ಯೋಚನೆ ನಮ್ಮ ಡೀಸೆಲ್ ಬೋಟಿಗೂ ಒಪ್ಪುತ್ತದೆ. ಟ್ಯಾಂಕಿನ ನಮೂನೆಗೆ ಅಲ್ಲಿ ಹೇಳಿರುವ ಪರೀಕ್ಷೆಗಳು ಇನ್ನೂ ಸ್ವಾರಸ್ಯ. ಮಧ್ಯಮ ಗಾತ್ರದ ಟ್ಯಾಂಕಿಗೆ ಗುರುತ್ವದ 25 ಪಟ್ಟಿನ ಲಂಬ ಹೊಡೆತವನ್ನು ಸಾವಿರ ಸಲ ಕೊಡುತ್ತಾರೆ. 200 ಗ್ಯಾಲನ್ ದಾಟಿದ ದೊಡ್ಡ ಟ್ಯಾಂಕುಗಳನ್ನು ಅತ್ತ 15 ಡಿಗ್ರಿ ಇತ್ತ 15 ಡಿಗ್ರಿ ತೊಟ್ಟಿಲು ತೂಗಿದ ಹಾಗೆ ನಿಮಿಷಕ್ಕೆ 15ರಿಂದ 20 ಸಲ, ಒಟ್ಟು ಐದು ಲಕ್ಷ ಸಲ ತೂಗುತ್ತಾರೆ. 20ರಂತೆ ಹಿಡಿದರೂ ಹಗಲುರಾತ್ರಿ ಹದಿನೇಳು ದಿನಕ್ಕೆ ಮೇಲೆ. ನಮ್ಮಲ್ಲಿ ಟ್ಯಾಂಕ್ ಮಾಡಿಸಿದ ದಿನ ನೀರು ತುಂಬಿ ಸೋರುತ್ತದೋ ನೋಡುವುದೇ ಪರೀಕ್ಷೆ. ಹೊಸ ಟ್ಯಾಂಕ್ ಹೇಗೂ ಸೋರುವುದಿಲ್ಲ.

ಹಾಸಿನ ವಿಷಯಕ್ಕೆ ಬರೋಣ, ಅರ್ಧ ಜಗಳ ಇರುವುದೇ ಅಲ್ಲಿ. ಮರದ ಬೋಟಿನಲ್ಲಿ ಹಲಗೆಗಳು ನೀರಿನೊತ್ತಡಕ್ಕೆ ಉಸಿರಾಡುತ್ತವೆ. ಟ್ಯಾಂಕ್ ಹಲಗೆಯ ಮೇಲೇ ಕೂತರೆ ಅದೂ ತಿರುಚಿಕೊಳ್ಳುತ್ತದೆ. ಆದ್ದರಿಂದ ಹಲಗೆ ಬಿಟ್ಟು, ಅಡಿಯ ಅಡ್ಡಪಟ್ಟಿಗಳಿಗೆ, ಅಂದರೆ ಬೋಟಿನ ಪಕ್ಕೆಲುಬುಗಳಿಗೆ ತೊಲೆ ಹಾಯಿಸಿ ಅದರ ಮೇಲೆ ಕೂರಿಸಬೇಕು. ಫೈಬರ್ ಬೋಟಿನಲ್ಲಿ ತಳದ ಚರ್ಮ ತೆಳು. ಅದಕ್ಕೆ ನೇರ ಒಂದು ಕೊಂಡಿ ಅಂಟಿಸಿ ಟ್ಯಾಂಕ್ ನೇತುಹಾಕಿದರೆ ಆ ಒಂದೇ ಬಿಂದುವಿನಲ್ಲಿ ಫೈಬರ್ ಬಾಗಿ ಬಾಗಿ ಬೆಳ್ಳಗಾಗಿ ಕೊನೆಗೆ ಸೀಳುತ್ತದೆ. ತಳದ ಉದ್ದಕ್ಕೆ ಓಡುವ ತೊಲೆಗಳ, ಅಂದರೆ ಸ್ಟ್ರಿಂಗರುಗಳ ಮೇಲೆ ಭಾರ ಹಂಚಬೇಕು. ಟ್ಯಾಂಕಿನ ಕಡೆಯಿಂದ ನೋಡಿದರೆ ತೊಲೆಗಳು ಒಳಗಿನ ಅಡ್ಡಗೋಡೆಗಳ ನೇರ ಕೆಳಗೆ ಬರಬೇಕು. ಅಲ್ಲಿ ತಗಡಿಗೆ ಒಳಗಿನಿಂದ ಆಸರೆ ಇದೆ. ಎರಡು ಅಡ್ಡಗೋಡೆಗಳ ನಡುವಿನ ಬರಿಯ ತಗಡಿನ ಮೇಲೆ ತೊಲೆ ಕೊಟ್ಟರೆ ಡ್ರಮ್ಮಿನ ಚರ್ಮಕ್ಕೆ ಕೋಲು ಊರಿದಂತೆ. ಟ್ಯಾಂಕ್ ಮಾಡುವವನಿಗೂ ಬೋಟಿನಲ್ಲಿ ಕೂರಿಸುವವನಿಗೂ ಮಾತುಕತೆಯೇ ಇರುವುದಿಲ್ಲವಾದ್ದರಿಂದ ಇದು ತಪ್ಪುವುದೇ ಹೆಚ್ಚು. ಬೆಸುಗೆ ಹಾಕುವ ಮೊದಲೇ ಅಡ್ಡಗೋಡೆ ಎಲ್ಲಿದೆ ಎಂದು ಹೊರಮೈಯಲ್ಲಿ ಬಣ್ಣದ ಗೆರೆ ಎಳೆಸಿಕೊಳ್ಳಿ, ಖರ್ಚಿಲ್ಲದ ಕೆಲಸ.

ಪಟ್ಟಿಗಳದ್ದೂ ಅದೇ ಗೆರೆ. ಅಡ್ಡಗೋಡೆಯ ಮೇಲೆ ಹಾದುಬಂದ ಪಟ್ಟಿಯನ್ನು ಬಿಗಿದರೆ ಬಿಗಿ ಉಳಿಯುತ್ತದೆ, ನಡುವಿನ ತಗಡಿನ ಮೇಲೆ ಹಾದುಬಂದರೆ ಬಿಗಿದಷ್ಟೂ ತಗಡು ತಗ್ಗುತ್ತದೆ. ಪಟ್ಟಿ ಅಗಲವಾಗಿರಲಿ, ಅದರ ಅಂಚನ್ನು ಅರದಿಂದ ಉರುಟು ಮಾಡಿರಿ, ನಿಯೋಪ್ರೀನ್ ಪಟ್ಟಿಗಿಂತ ಎರಡೂ ಕಡೆ ಬೆರಳಗಲ ಹೊರಚಾಚಲಿ. ನಾನು ನೋಡಿದ ಆ ಗೀರು ಪಟ್ಟಿಯ ನಡುವೆ ಇರಲಿಲ್ಲ. ರಬ್ಬರ್ ಸವೆದು ಹಿಂದೆ ಸರಿದ ಅಂಚಿನಲ್ಲಿ ಇತ್ತು.

ಆದರೆ ಪಟ್ಟಿಯಿಂದ ಎಲ್ಲವನ್ನೂ ನಿರೀಕ್ಷಿಸಬಾರದು. ಅದು ಟ್ಯಾಂಕ್ ಮೇಲೇಳದಂತೆ ತಡೆಯಲಿಕ್ಕೆ. ಮುಂದೆ ಹಿಂದೆ, ಎಡ ಬಲ ಸರಿಯದಂತೆ ತಡೆಯುವುದು ನಾಲ್ಕು ಬದಿಯಲ್ಲೂ ಕೂರಿಸಿದ ಒತ್ತುಗಟ್ಟೆಗಳು. ಟ್ಯಾಂಕಿನ ಮೂಲೆಗಳ ಬಳಿ ತೊಲೆಗೆ ಬಿಗಿದ ಕೋನಕಬ್ಬಿಣದ ತುಂಡು, ನಡುವೆ ನಿಯೋಪ್ರೀನ್. ಈ ಗಟ್ಟೆಗಳಿಲ್ಲದೆ ಬರಿ ಪಟ್ಟಿಯ ಘರ್ಷಣೆಯ ಮೇಲೇ ಟ್ಯಾಂಕ್ ನಿಲ್ಲಿಸಿದವರು ಎಷ್ಟೋ ಜನ. ಲಾರಿಯಲ್ಲಿ ಹಗ್ಗ ಕಟ್ಟಿದ ಬೀರು ತಿರುವಿನಲ್ಲಿ ಜಾರುವುದಿಲ್ಲವೇ, ಹಾಗೆ. ನೈಲಾನ್ ಪಟ್ಟಿಯಲ್ಲಿ ಕಟ್ಟುವುದಂತೂ ಬೇಡ. ಒದ್ದೆಯಾದರೆ ನೈಲಾನ್ ಹಿಗ್ಗುತ್ತದೆ, ಬೋಟಿನಲ್ಲಿ ಒದ್ದೆಯಾಗದ ವಸ್ತು ಯಾವುದು?

ಟ್ಯಾಂಕಿಗೇ ಕಿವಿಗಳನ್ನು ಬೆಸೆದು ಬೋಲ್ಟ್ ಹಾಕುವ ಪದ್ಧತಿಯೂ ಇದೆ. ನನಗೆ ಅದು ಹಿಡಿಸದು. ಎಲ್ಲ ಬಲವೂ ಅಂಗೈಯಗಲದ ಬೆಸುಗೆಯ ಮೇಲೆ ಬೀಳುತ್ತದೆ, ದಣಿವಿನ ಬಿರುಕಿಗೆ ಹೇಳಿ ಮಾಡಿಸಿದ ಜಾಗ. ಕಿವಿ ಇಡಲೇಬೇಕಾದರೆ ಟ್ಯಾಂಕಿನ ಗೋಡೆಗೆ ಮೊದಲು ಮೂಲೆ ಉರುಟಾದ ದೊಡ್ಡ ಇಮ್ಮಡಿ ತಗಡು ಬೆಸೆದು, ಅದರ ಮೇಲೆ ಕಿವಿ ಬೆಸೆಯಬೇಕು. ಆಗ ಕಿವಿಯ ಬೇರು ಬಿರಿದರೂ ಮೊದಲು ಬಿರಿಯುವುದು ಇಮ್ಮಡಿ ತಗಡು. ಎಣ್ಣೆ ಹಿಡಿದಿಟ್ಟ ಗೋಡೆಗೆ ಅದರ ನಂತರದ ಸರದಿ.

ನಟ್ಟು ಬೋಲ್ಟಿನ ಮಾತಿಲ್ಲದೆ ಮುಂದೆ ಹೋಗುವಂತಿಲ್ಲ. 1969ರಲ್ಲಿ ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಇಂಜಿನಿಯರ್ ತೋರಿಸಿದ ಸಂಗತಿ ಇವತ್ತಿಗೂ ಬಹಳ ಗ್ಯಾರೇಜುಗಳಿಗೆ ತಲುಪಿಲ್ಲ. ಬೋಲ್ಟಿನ ಉದ್ದಕ್ಕೆ ಎಳೆದು ಬಿಡುವ ಬಲಕ್ಕಿಂತ, ಬಿಗಿದ ಎರಡು ಭಾಗಗಳು ಬೋಲ್ಟಿಗೆ ಅಡ್ಡಲಾಗಿ ಹಿಂದೆ ಮುಂದೆ ಜಾರುವುದೇ ನಟ್ಟನ್ನು ಸಡಿಲಿಸುವ ಮುಖ್ಯ ಕಾರಣ ಎಂದು ಅವರು ಯಂತ್ರ ಕಟ್ಟಿ ತೋರಿಸಿದರು. ಜಾರಿದ ಆ ಕ್ಷಣ ಎಳೆಗಳ ನಡುವಿನ ಹಿಡಿತ ಇಲ್ಲವಾಗುತ್ತದೆ, ನಟ್ಟು ಕೂದಲಷ್ಟು ಹಿಂದಕ್ಕೆ ತಿರುಗುತ್ತದೆ. ಹೀಗೆ ನೋಡಿದರೆ ನಮ್ಮ ಪ್ರೀತಿಯ ಸ್ಪ್ರಿಂಗ್ ವಾಶರ್ ಮಾಡುವ ಉಪಕಾರ ಅಷ್ಟಕ್ಕಷ್ಟೇ: ನಟ್ಟು ಪೂರ್ತಿ ಬಿಗಿಯಾದಾಗ ಅದು ಚಪ್ಪಟೆಯಾಗಿ ಮಾಮೂಲು ವಾಶರಿನಂತೆ ಕೂತಿರುತ್ತದೆ, ಅಡ್ಡ ಜಾರಾಟವನ್ನು ತಡೆಯುವುದಿಲ್ಲ. ಮೊದಲ ಕೆಲಸ, ಒತ್ತುಗಟ್ಟೆ ಇಟ್ಟು ಜಾರಾಟವನ್ನೇ ನಿಲ್ಲಿಸುವುದು. ಆಮೇಲೆ ನೈಲಾನ್ ಬಳೆ ಇರುವ ನಟ್ಟು ಹಾಕಿ. ಮತ್ತೆ ಬೋಲ್ಟು ಉದ್ದವಾಗಿದ್ದಷ್ಟೂ ಒಳ್ಳೆಯದು. ಉದ್ದ ಬೋಲ್ಟು ಬಿಗಿದಾಗ ರಬ್ಬರ್ ಬ್ಯಾಂಡಿನಂತೆ ತುಸು ಹಿಗ್ಗಿ ನಿಂತಿರುತ್ತದೆ, ಅಡಿಯ ನಿಯೋಪ್ರೀನ್ ಒಂದಿಷ್ಟು ಕೂತರೂ ಬಿಗಿ ಉಳಿಯುತ್ತದೆ. ಗಿಡ್ಡ ಬೋಲ್ಟಿಗೆ ಆ ಸಹನೆ ಇಲ್ಲ.

ನಡುಕದ ಮಾತಾಡುತ್ತ ತುಕ್ಕಿನ ವಿಚಾರಕ್ಕೆ ಹೋಗದೆ ಇರಲಾಗುವುದಿಲ್ಲ. ಟ್ಯಾಂಕನ್ನು ಮೆತ್ತಗೆ ಕೂರಿಸಲು ಜನ ಅಡಿಗೆ ಏನೇನು ಇಡುತ್ತಾರೆ ಎಂಬುದನ್ನು ಒಂದು ಪ್ರದರ್ಶನಕ್ಕೇ ಇಡಬಹುದು. ಗೋಣಿಚೀಲ, ಹಳೇ ಕಾರ್ಪೆಟ್, ತೆಂಗಿನ ನಾರಿನ ಚಾಪೆ, ಲಾರಿ ಟೈರಿನ ತುಂಡು. ಗೋಣಿ, ಕಾರ್ಪೆಟ್, ನಾರು ಉಪ್ಪುನೀರನ್ನು ಹೀರಿಟ್ಟುಕೊಂಡು ತಿಂಗಳುಗಟ್ಟಲೆ ಟ್ಯಾಂಕಿನ ಹೊಟ್ಟೆಗೆ ಒದ್ದೆ ಪಟ್ಟು ಕಟ್ಟಿದ ಹಾಗೆ ಹಿಡಿದಿರುತ್ತವೆ. ಆ ಒದ್ದೆಯೊಳಗೆ ಗಾಳಿ ಆಡುವುದಿಲ್ಲ. ಆಮ್ಲಜನಕ ಸಿಗದೆ ಅಲ್ಯುಮಿನಿಯಂ ತನ್ನ ಪೊರೆಯನ್ನು ಮತ್ತೆ ಕಟ್ಟಿಕೊಳ್ಳಲಾರದು, ಅಲ್ಲಲ್ಲಿ ಗುಳಿ ಬೀಳುತ್ತದೆ. ಸ್ಟೇನ್‌ಲೆಸ್ ಸ್ಟೀಲೂ ಇದಕ್ಕೆ ಹೊರತಲ್ಲ, ಅದರ ಹೊಳಪೂ ಆಮ್ಲಜನಕದ ಕೃಪೆಯೇ. ಟೈರಿನ ಒಳಗೆ ಉಕ್ಕಿನ ತಂತಿ ಇರುತ್ತದೆ, ರಬ್ಬರ್ ಸವೆದಂತೆ ತಂತಿ ಮೊನೆ ಹೊರಬಂದು ಕೊರೆಯುತ್ತದೆ. ನೀರು ಹೀರದ, ಕೊರೆಯದ ವಸ್ತುವೇ ಆಗಬೇಕು ಎಂದು ಮೇಲೆ ಹೇಳಿದ ಅಮೆರಿಕದ ನಿಯಮದಲ್ಲೂ ಇದೆ. ನಿಯೋಪ್ರೀನನ್ನೂ ಸುಮ್ಮನೆ ಇಟ್ಟರೆ ಅದಕ್ಕೂ ತಗಡಿಗೂ ನಡುವೆ ಪಾಚಿಯಷ್ಟು ತೆಳುವಾದ ನೀರಿನ ಪದರ ಸೇರಿಕೊಳ್ಳುತ್ತದೆ. ಅದನ್ನು ಟ್ಯಾಂಕಿಗೇ ಸೀಲಂಟಿನಿಂದ ಎಲ್ಲೂ ಗಾಳಿಗುಳ್ಳೆ ಉಳಿಯದಂತೆ ಅಂಟಿಸಬೇಕು.

ಟ್ಯಾಂಕಿನ ನೆತ್ತಿಯ ಮೇಲೆ ನೀರು ನಿಲ್ಲಬಾರದು, ಹೊಟ್ಟೆ ಬೋಟಿನ ತಳದ ಗಸಿನೀರಿಗೆ ತಾಗಬಾರದು. ಸುತ್ತಲೂ ಗಾಳಿಯಾಡಲು, ಕೈ ತೂರಿಸಲು ಜಾಗವಿರಲಿ. ಸಣ್ಣ ಫೈಬರ್ ಬೋಟುಗಳಲ್ಲಿ ಟ್ಯಾಂಕಿನ ಸುತ್ತ ಫೋಮ್ ಸುರಿದು ಅಲುಗದಂತೆ ಮಾಡುವುದುಂಟು. ಅಲುಗಾಟವೇನೋ ನಿಲ್ಲುತ್ತದೆ. ಆದರೆ ಫೋಮ್ ತಗಡಿನಿಂದ ಬಿಟ್ಟುಕೊಂಡ ಕಡೆ ನೀರು ಸೇರಿದರೆ ಏನಾಗುತ್ತಿದೆ ಎಂದು ನೋಡಲು ಬೋಟನ್ನೇ ಕೊಯ್ಯಬೇಕು. ಇನ್ನು ಆಳಸಮುದ್ರದ ಉಕ್ಕಿನ ಬೋಟುಗಳಲ್ಲಿ ಬೋಟಿನ ಗೋಡೆಯೇ ಟ್ಯಾಂಕಿನ ಗೋಡೆಯಾಗಿರುವುದೂ ಉಂಟು. ಅಲ್ಲಿ ಕಟ್ಟುವ ಪ್ರಶ್ನೆಯೇ ಇಲ್ಲ, ತಗಡಿನ ದಪ್ಪ ಮತ್ತು ಏಣುಗಳ ಅಂತರದ ಪ್ರಶ್ನೆ ಮಾತ್ರ.

ಪ್ಲಾಸ್ಟಿಕ್ ಟ್ಯಾಂಕಿಗೆ ಬೇರೆಯೇ ಸ್ವಭಾವ. ತುಕ್ಕಿಲ್ಲ, ಲೋಹದ ದಣಿವಿಲ್ಲ. ಆದರೆ ಪಾಲಿಥಿಲೀನ್ ಇಂಧನವನ್ನು ಹೀರಿಕೊಂಡು ಹಿಗ್ಗುತ್ತದೆ, ಉದ್ದಕ್ಕೆ ಸುಮಾರು ನೂರಕ್ಕೆ ಎರಡರಷ್ಟು. ಒಂದು ಮೀಟರ್ ಉದ್ದದ ಟ್ಯಾಂಕ್ 2 ಸೆಂ.ಮೀ. ಬೆಳೆಯಿತು ಅಂದರೆ ಸಣ್ಣ ಮಾತಲ್ಲ. ಅಂಗಡಿಯಿಂದ ತಂದ ದಿನವೇ ನಾಲ್ಕು ಕಡೆಯೂ ಗಟ್ಟೆ ಒತ್ತಿ ಬಿಗಿದರೆ ಆಮೇಲೆ ಅದು ಬೆಳೆಯಲು ಜಾಗವಿಲ್ಲದೆ ಉಬ್ಬಿ ಬಾಗಿ ಪೈಪಿನ ಕೂಡುಜಾಗವನ್ನು ತಿರುಚುತ್ತದೆ. ಬೆಳವಣಿಗೆಗೆ ಜಾಗ ಬಿಟ್ಟು ಕೂರಿಸಿ, ಕೆಲವು ವಾರ ಇಂಧನ ತುಂಬಿಟ್ಟು, ಅದು ಹಿಗ್ಗಿ ನಿಂತ ಮೇಲೆ ಗಟ್ಟೆ ಪಟ್ಟಿಗಳನ್ನು ಮತ್ತೆ ಹೊಂದಿಸಬೇಕು. ಅಡಿಗೆ ತೊಲೆಗಳ ಬದಲು ಪೂರ್ತಿ ಸಪಾಟಾದ ಹಲಗೆಯ ಹಾಸು ಬೇಕು, ಇಲ್ಲವಾದರೆ ತೊಲೆಗಳ ನಡುವೆ ಹೊಟ್ಟೆ ಜೋಲುತ್ತದೆ.

ಔಟ್‌ಬೋರ್ಡ್, ಅಂದರೆ ಹಿಂಬದಿಗೆ ಹೊರಗೆ ತಗುಲಿಸುವ ಇಂಜಿನ್, ಹಾಕಿದ ನಾಡದೋಣಿಯಲ್ಲಿ ಟ್ಯಾಂಕ್ ಅಂದರೆ ಕ್ಯಾನು. ಪೆಟ್ರೋಲಿನಲ್ಲಿ ಶುರುಮಾಡಿ ಸೀಮೆಎಣ್ಣೆಯಲ್ಲಿ ಓಡಿಸುವ ಇಂಜಿನ್ ಪಕ್ಕ ಎರಡು ಮೂರು ಕ್ಯಾನು, ಅವುಗಳ ಮೇಲೆ ಬಲೆ, ಬಲೆಯ ಮೇಲೆ ಯಾರದ್ದೋ ಕಾಲು. ಬುತ್ತಿಯ ಡಬ್ಬಿ ಉರುಳಬಾರದೆಂದು ಹಗ್ಗ ಹಾಕುವವರು ಕ್ಯಾನನ್ನು ಬಿಟ್ಟಿರುತ್ತಾರೆ. ಇಲ್ಲಿ ದೊಡ್ಡ ಇಂಜಿನಿಯರಿಂಗ್ ಏನೂ ಬೇಡ: ತಳದಲ್ಲಿ ಕ್ಯಾನಿನ ಅಳತೆಯ ಮರದ ಚೌಕಟ್ಟು, ಮೇಲೊಂದು ಬಕಲ್ ಪಟ್ಟಿ, ಕೊಳವೆ ಯಾರ ಕಾಲಿಗೂ ತೊಡರದ ದಾರಿ.

ಟ್ಯಾಂಕನ್ನು ಎಷ್ಟೇ ಭದ್ರವಾಗಿ ಕೂರಿಸಿದರೂ ಒಳಗಿನ ಡೀಸೆಲ್ಲನ್ನು ಕಟ್ಟಿಹಾಕಲಾಗದು. ಅರ್ಧ ತುಂಬಿದ ಟ್ಯಾಂಕಿನಲ್ಲಿ ಅದು ಒಂದು ಗೋಡೆಯಿಂದ ಇನ್ನೊಂದಕ್ಕೆ ಓಡಿ ಅಪ್ಪಳಿಸುತ್ತದೆ. ಒಳಗಿನ ತೂತಿನ ಅಡ್ಡಗೋಡೆಗಳು ಆ ಓಟದ ವೇಗ ಮುರಿಯಲಿಕ್ಕೆ. ಬೋಟು ಒಂದು ಬದಿಗೆ ವಾಲಿಯೇ ನಿಂತಾಗ ಮಾತ್ರ ತೂತಿನ ಗೋಡೆ ಉಪಯೋಗಕ್ಕೆ ಬರದು. ಎಣ್ಣೆ ನಿಧಾನಕ್ಕೆ ಹರಿದು ತಗ್ಗಿನ ಕಡೆಗೇ ಸೇರಿ ವಾಲುವಿಕೆಯನ್ನು ಹೆಚ್ಚಿಸುತ್ತದೆ. ಈ ತೊಂದರೆ ಟ್ಯಾಂಕಿನ ಅಗಲದ ಘನಕ್ಕೆ ತಕ್ಕಂತೆ ಬೆಳೆಯುತ್ತದೆ. ಅಗಲ ಇಮ್ಮಡಿಯಾದರೆ ಎಂಟು ಪಟ್ಟು. ಒಂದು ಅಗಲವಾದ ಟ್ಯಾಂಕಿನ ಬದಲು ಅರ್ಧರ್ಧ ಅಗಲದ ಎರಡನ್ನು ಎಡಕ್ಕೊಂದು ಬಲಕ್ಕೊಂದು ಇಟ್ಟರೆ ತೊಂದರೆ ಒಟ್ಟಾರೆ ಕಾಲುಭಾಗಕ್ಕೆ ಇಳಿಯುತ್ತದೆ, ಎರಡರ ನಡುವಿನ ಕೊಳವೆಯ ವಾಲ್ವ್ ಮುಚ್ಚಿಟ್ಟಿದ್ದರೆ.

ಸೋರಿಕೆ ಶುರುವಾಗುವುದು ಬಹಳ ಸಲ ಪೈಪಿನ ಬುಡದಲ್ಲಿ. ಟ್ಯಾಂಕ್ ಬೋಟಿಗೆ ಕಟ್ಟಿಕೊಂಡಿದೆ, ಇಂಜಿನ್ ರಬ್ಬರ್ ಮೇಲೆ ಕುಣಿಯುತ್ತಿದೆ, ನಡುವೆ ತಾಮ್ರದ ಗಡಸು ಪೈಪು ಹಾಕಿದರೆ ಆ ಜಗಳವೆಲ್ಲ ಅದರ ಮೇಲೆ. ತಾಮ್ರಕ್ಕೂ ದಣಿವಿದೆ, ಬಾಗಿ ಬಾಗಿ ಗಡಸಾಗಿ ಕೂಡುಜಾಗದ ಪಕ್ಕದಲ್ಲೇ ಮುರಿಯುತ್ತದೆ. ಕೊನೆಯ ಒಂದು ಗೇಣು ಇಂಧನಕ್ಕೆಂದೇ ಮಾಡಿದ, ಬೆಂಕಿ ತಡೆಯುವ ಹೋಸ್ ಇರಲಿ, ಅದು ಎಳೆದು ನಿಲ್ಲದೆ ತುಸು ಬಳುಕಿಯೇ ಇರಲಿ. ಉಳಿದ ಪೈಪನ್ನು ಗೇಣಿಗೊಂದು ಮೊಳಕ್ಕೊಂದು ಕ್ಲಿಪ್ಪಿನಲ್ಲಿ ಹಿಡಿಸಿ, ಕ್ಲಿಪ್ಪಿನೊಳಗೂ ರಬ್ಬರ್ ಇಡಿ.

ನಡುಕ ಮಾಡುವ ಇನ್ನೊಂದು ಕಿತಾಪತಿ ಟ್ಯಾಂಕಿನ ತಳದ್ದು. ವರ್ಷಗಟ್ಟಲೆ ಸೇರಿದ ನೀರು, ತುಕ್ಕು, ಡೀಸೆಲ್ಲಿನಲ್ಲಿ ಬೆಳೆಯುವ ಲೋಳೆ ಎಲ್ಲ ಗಸಿಯಾಗಿ ಕೂತಿರುತ್ತದೆ. ಶಾಂತ ಕಡಲಿನಲ್ಲಿ ಅದರ ಸುದ್ದಿಯೇ ಇಲ್ಲ. ಕಡಲು ಕೆಟ್ಟ ದಿನವೇ ಅದು ಎದ್ದು ಫಿಲ್ಟರಿಗೆ ತುಂಬಿಕೊಳ್ಳುತ್ತದೆ, ಅಳಿವೆ ಬಾಗಿಲಿನ ಅಲೆಯಲ್ಲೇ ಇಂಜಿನ್ ಕೆಮ್ಮುತ್ತದೆ. ಹೀಗಾದಾಗ ಪಂಪನ್ನು ಬೈಯುವುದು ವಾಡಿಕೆ.

ಬಿರುಕು ಕಂಡರೆ ಕೂಡಲೇ ವೆಲ್ಡರನ್ನು ಕರೆಯುವುದೂ ವಾಡಿಕೆ. ಖಾಲಿ ಮಾಡಿದ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯಕಾರಿ, ಏಕೆಂದರೆ ಒಳಗೆ ಆವಿ ಮತ್ತು ಗಾಳಿ ಬೆರೆತು ಕೂತಿರುತ್ತವೆ. ಡೀಸೆಲ್ ಹತ್ತಿಕೊಳ್ಳುವುದಿಲ್ಲ ಎಂಬ ಧೈರ್ಯವೂ ಬೇಡ, ಬೆಸುಗೆಯ ಕಾವು ಗೋಡೆಗಂಟಿದ ಎಣ್ಣೆಯನ್ನೇ ಆವಿಯಾಗಿಸುತ್ತದೆ. ಟ್ಯಾಂಕ್ ಹೊರತೆಗೆದು, ಬಿಸಿನೀರು ಸೋಪಿನಲ್ಲಿ ತೊಳೆದು, ಆವಿ ಹಾಯಿಸಿ, ಒಳಗಿನ ಗಾಳಿಯನ್ನು ಮೀಟರಿನಲ್ಲಿ ಪರೀಕ್ಷಿಸಿದ ಮೇಲಷ್ಟೇ ಕಿಡಿ. ಈ ಸೌಕರ್ಯ ಇಲ್ಲದ ಕಡೆ ಹೊಸ ಟ್ಯಾಂಕೇ ಅಗ್ಗ.

ಆ ಕರಿಪುಡಿಯ ಬೋಟಿಗೆ ಹೊಸ ಟ್ಯಾಂಕ್ ಬಂತು. ತೊಲೆಗಳನ್ನು ಅಡ್ಡಗೋಡೆಯ ಗೆರೆಗೆ ಸರಿಸಿದೆವು, ಎಂಟು ಗಟ್ಟೆ ಕೂರಿಸಿದೆವು, ಪಟ್ಟಿಯ ಅಂಚು ಉಜ್ಜಿದೆವು. ಕೊನೆಗೆ ಎಂಟು ಪಟ್ಟಿ ಬೋಲ್ಟುಗಳ ನಟ್ಟಿನ ಮೇಲಿಂದ ತೊಲೆಯ ತನಕ ಬಿಳಿ ಬಣ್ಣದಲ್ಲಿ ಒಂದೊಂದು ಗೆರೆ ಎಳೆದೆ. ನಟ್ಟು ತಿರುಗಿದರೆ ಗೆರೆ ಮುರಿದು ಕಾಣುತ್ತದೆ, ಸ್ಪ್ಯಾನರ್ ಹಿಡಿದು ಪರೀಕ್ಷಿಸುವ ಕೆಲಸವಿಲ್ಲ, ಟಾರ್ಚ್ ಬಿಟ್ಟರೆ ಸಾಕು. ಆಗಸ್ಟಿನ ಮೊದಲ ಟ್ರಿಪ್ ಮುಗಿಸಿ ಬಂದಾಗ ಡ್ರೈವರೇ ಫೋನ್ ಮಾಡಿ ಕರೆದ. ಇಳಿದು ನೋಡಿದರೆ ಎಂಟರಲ್ಲಿ ಎರಡು ಗೆರೆ ಮುರಿದಿದ್ದವು, ಎರಡೂ ಇಂಜಿನ್ ಕಡೆಯ ಪಟ್ಟಿಯವು. ನಿಯೋಪ್ರೀನ್ ಕೂತು ಬಿಗಿ ಇಳಿದಿತ್ತು. ಎಂಟನ್ನೂ ಮತ್ತೊಮ್ಮೆ ಬಿಗಿದು, ಹಳೆ ಗೆರೆ ಒರೆಸಿ ಹೊಸದಾಗಿ ಎಳೆದೆವು. ಪಟ್ಟಿಯಡಿ ಬೆರಳಾಡಿಸಿದೆ, ಬರಿ ಧೂಳು ಹತ್ತಿತು.